ಸಿಲ್ಲೋಡಿನ ಜೀವತಿ ಪಟ

ನಮಗೆ ಸಿಲ್ಲೋಡಿಗೆ ವರ್ಗವಾಗಿದೆ ಎಂದು ಹೇಳಿದಾಗ ಅದು ಎಲ್ಲಿದೆ ಎಂದು ಕೇಳದ ಮುಂಬಯಿ ಕನ್ನಡಿಗರು ಒಬ್ಬರೂ ಸಿಗಲಿಲ್ಲ. ಕೇಂದ್ರ ಸರಕಾರದ ಗುಮಾಸ್ತನಿಗೆ ಭೂಗೋಳ ಕಲಿಸುವುದು ಶಾಲೆಯ ಮಾಸ್ತರರಲ್ಲ, ವರ್ಗಾವಣೆಯ ಆಜ್ಞೆ. ಆಗ ಔರಂಗಾಬಾದ್ ಎನ್ನುತ್ತಿದ್ದ, ೨೦೨೩ರಿಂದ ಛತ್ರಪತಿ ಸಂಭಾಜಿನಗರವೆಂಬ ಹೆಸರಿನ ಊರಿನಿಂದ ಜಳಗಾಂವದ ಹೆದ್ದಾರಿ ಹಿಡಿದು ಸುಮಾರು ೬೫ ಕಿಲೋಮೀಟರು ಹೋದರೆ ಸಿಗುವ ತಾಲೂಕಿನ ಊರು ಅದು. ಸುತ್ತಲೂ ಎರೆಭೂಮಿ; ಹತ್ತಿ, ಗೋವಿನಜೋಳ, ಹಸಿಮೆಣಸಿನಕಾಯಿ. ವಿಜಾಪುರದ ಕಡೆಯವರಾದ ನಮಗೆ ಆ ಮಣ್ಣು ಪರಕೀಯವೆನಿಸಲಿಲ್ಲ. ಮಳೆ ಬಿದ್ದ ಮರುದಿನ ಚಪ್ಪಲಿಗೆ ಮೆತ್ತಿಕೊಂಡು ಮನೆಯೊಳಗೂ ಬರುವ ಅದೇ ಮಣ್ಣು. ಪ್ರವಾಸಿಗರ ಬಸ್ಸುಗಳು ಅಲ್ಲಿ ಚಹಕ್ಕೆ ನಿಂತರೆ ನಿಂತವು, ಇಲ್ಲವಾದರೆ ಇಲ್ಲ. ಅವುಗಳ ಚಿತ್ತವೆಲ್ಲ ಮುಂದಿನ ಅಜಂತಾದ ಮೇಲೆ.

೨೦೧೬ರಿಂದ ಮೂರು ವರ್ಷ ನಾವು ಅಲ್ಲಿದ್ದೆವು. ಅಲ್ಲಿ ಗಳಿಸಿದ್ದರಲ್ಲಿ ಇಂದಿಗೂ ನಮ್ಮ ಮನೆಯಲ್ಲಿ ಉಳಿದಿರುವುದು ಎರಡು ಕಾಗದಗಳು. ಒಂದು, ಸಿಲ್ಲೋಡಿನ ಪೇಟೆಯಲ್ಲಿ ಕೊಂಡ ಜೀವತಿ ಪಟ. ಇನ್ನೊಂದು, ಅಂಗೈಯಗಲದ ಒಂದು ಜಪಾನಿ ಚಿತ್ರ. ಇವೆರಡೂ ನಮ್ಮ ದೇವರ ಮಾಡದಲ್ಲಿ ಒಂದರ ಪಕ್ಕದಲ್ಲಿ ಒಂದು ಹೇಗೆ ಬಂದು ಕೂತವೆಂದು ಮನೆಗೆ ಬಂದವರು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣವೆನ್ನಿಸಿತು.

ಮೈಸೂರು ಕಡೆಯ ವಾಚಕರಿಗೆ ಜೀವತಿ ಎಂದರೆ ಏನೆಂದು ತಿಳಿದಿರಲಿಕ್ಕಿಲ್ಲ. ನಮ್ಮ ವಿಜಾಪುರ, ಧಾರವಾಡ, ಬೆಳಗಾವಿ ಕಡೆಯ ಹಲವು ಮನೆಗಳಲ್ಲಿ, ಮಹಾರಾಷ್ಟ್ರದಲ್ಲಂತೂ ಮನೆಮನೆಯಲ್ಲಿ, ಆಷಾಢದ ಅಮಾವಾಸ್ಯೆ ಬಂತೆಂದರೆ ಪೇಟೆಯಿಂದ ಒಂದು ಅಚ್ಚಾದ ಕಾಗದ ಬರುತ್ತದೆ. ನಮಗೆ ಅದು ನಾಗರ ಅಮಾವಾಸ್ಯೆ, ಮರಾಠಿಯವರಿಗೆ ದೀಪ ಅಮಾವಾಸ್ಯೆ. ಆ ಕಾಗದದಲ್ಲಿ ಶ್ರಾವಣದ ವಾರಗಳೆಲ್ಲ ಅಡಕವಾಗಿವೆ. ಕಂಬದಿಂದ ಹೊರಬಂದ ನರಸಿಂಹ ಶನಿವಾರಕ್ಕೆ. ಕಾಳಿಂಗನ ಹೆಡೆಯ ಮೇಲೆ ಕುಣಿಯುವ ಕೃಷ್ಣ ನಾಗಪಂಚಮಿಗೆ. ಆನೆಯ ಮೇಲೆ ಬುಧ, ಹುಲಿಯ ಮೇಲೆ ಬೃಹಸ್ಪತಿ ಅವರವರ ವಾರಗಳಿಗೆ. ಇವರೆಲ್ಲರ ನಡುವೆ ಇಬ್ಬರು ಹೆಂಗಸರು ಕೂತಿರುತ್ತಾರೆ. ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ತೊಟ್ಟಿಲು, ಸುತ್ತಲೂ ಆಡುವ ಮಕ್ಕಳು. ಅವರೇ ಜರೆ ಮತ್ತು ಜೀವಂತಿಕೆ. ಶುಕ್ರವಾರ ಅವರದು. ಅಂದು ತಾಯಂದಿರು ಹೂರಣದ ಆರತಿ ಮಾಡಿ ಮೊದಲು ಪಟಕ್ಕೆ, ಆಮೇಲೆ ಮಕ್ಕಳಿಗೆ ಬೆಳಗುತ್ತಾರೆ. ಆರತಿ ಆದಮೇಲೆ ಆ ದೀಪವನ್ನೇ ತಿನ್ನಬಹುದೆಂಬುದು ಬಾಲ್ಯದಲ್ಲಿ ನಮಗಿದ್ದ ಭಕ್ತಿಯ ಮುಖ್ಯ ಕಾರಣ.

ಇದಕ್ಕೊಂದು ಕಥೆಯಿದೆ. ಮಕ್ಕಳಿಲ್ಲದ ರಾಣಿಯೊಬ್ಬಳು ಸೂಲಗಿತ್ತಿಯನ್ನು ಒಲಿಸಿಕೊಂಡು ಬಡವಳೊಬ್ಬಳ ಕೂಸನ್ನು ಹುಟ್ಟಿದ ಗಳಿಗೆಯಲ್ಲೇ ಕದ್ದು ತರಿಸುತ್ತಾಳೆ. ಹೆತ್ತವಳಿಗೆ ಸಿಕ್ಕಿದ್ದು ಬೀಸುಗಲ್ಲಿನ ಗುಂಡು. ಆದರೆ ಅವಳು ಶ್ರಾವಣದ ಪ್ರತಿ ಶುಕ್ರವಾರ ಜೀವತಿಯನ್ನು ಪೂಜಿಸಿ, ನನ್ನ ಕೂಸು ಎಲ್ಲಿದ್ದರೂ ಸುಖವಾಗಿರಲಿ ಎಂದು ನಾಲ್ಕು ದಿಕ್ಕಿಗೂ ಅಕ್ಷತೆ ಎಸೆಯುತ್ತಾಳೆ. ಆ ಅಕ್ಷತೆ ಅರಮನೆಯಲ್ಲಿದ್ದ ಹುಡುಗನ ತಲೆಯ ಮೇಲೆ ಹೋಗಿ ಬೀಳುತ್ತದೆ. ಮುಂದಿನದು ದೊಡ್ಡ ಕಥೆ, ಇಲ್ಲಿ ಬೇಡ. ಆ ನಾಲ್ಕು ದಿಕ್ಕಿನ ಅಕ್ಷತೆ ಮಾತ್ರ ಇಂದಿಗೂ ನಡೆದಿದೆ. ಮಕ್ಕಳು ಮುಂದೆ ಕೂತಿದ್ದರೆ ತಲೆಯ ಮೇಲೆ. ಪರಸ್ಥಳದಲ್ಲಿದ್ದರೆ ಅವರಿರುವ ದಿಕ್ಕಿಗೆ.

ನಾವು ಮುಂಬಯಿ ಸೇರಿದ ಮೇಲೆ ಅವ್ವ ವಿಜಾಪುರದ ಪಡಸಾಲೆಯಲ್ಲಿ ನಿಂತು ವಾಯವ್ಯಕ್ಕೆ ಅಕ್ಷತೆ ಒಗೆಯುತ್ತಿದ್ದಳು. ದಾದರಿನ ಲೋಕಲ್ ಗಾಡಿಯಲ್ಲಿ ತೂರಿಕೊಂಡು ಹೋಗುವಾಗ ಶುಕ್ರವಾರ ಸಂಜೆ ತಲೆ ತುರಿಸಿದರೆ, ಅವ್ವನ ಅಕ್ಷತೆ ಬಂತೆಂದು ನಾವು ಗೆಳೆಯರಲ್ಲಿ ನಗೆಯಾಡುತ್ತಿದ್ದೆವು. ಪರಊರು ಸೇರಿದ ನಮ್ಮಂಥವರ ತಲೆಯ ಮೇಲೆ ಅಂಥ ಎಷ್ಟು ಕಾಳು ಬಿದ್ದಿವೆಯೋ, ಲೆಕ್ಕವಿಟ್ಟವರಾರು?

ನಮ್ಮ ಎರಡನೆಯ ಕೂಸು, ಹೆಣ್ಣು, ೨೦೧೪ರಲ್ಲಿ ಮುಂಬಯಿಯಲ್ಲಿ ಎಂಟನೆಯ ತಿಂಗಳಿಗೆ ಹೋಯಿತು. ಮೂರು ದಿನದ ಜ್ವರ. ಅದರ ವಿವರ ಇಲ್ಲಿ ಬೇಡ. ಬಂದವರೆಲ್ಲ ನಮ್ಮಾಕೆಗೆ ಒಂದೇ ಸಮಾಧಾನ ಹೇಳಿದರು: ದೊಡ್ಡವನೊಬ್ಬ ಇದ್ದಾನಲ್ಲ, ಇನ್ನೊಂದು ಆಗುತ್ತದೆ ಬಿಡು. ಆ ವರ್ಷ ಶ್ರಾವಣ ಬಂದಾಗ ನಾವು ರೂಢಿಯಂತೆ ಜೀವತಿ ಪಟ ತಂದೆವು. ಆಕೆ ಅದನ್ನು ಸುರುಳಿ ಬಿಚ್ಚದೆಯೇ ಟ್ರಂಕಿನಲ್ಲಿಟ್ಟಳು. ಯಾಕೆಂದು ಕೇಳಿದ್ದು ನಮ್ಮ ತಪ್ಪು.

"ಹುಡುಗಗ ಆರತಿ ಮಾಡತೇನಿ, ಖರೆ. ಆಕಿ ಸಲುವಾಗಿ ಅಕ್ಷತಿ ಯಾವ ದಿಕ್ಕಿಗೆ ಒಗೀಲಿ, ಹೇಳ್ರಿ."

ನಾವು ಹೇಳಲಿಲ್ಲ. ನಾಲ್ಕು ವರ್ಷ ಮನೆಯಲ್ಲಿ ಜೀವತಿಯ ಪೂಜೆ ಆಗಲಿಲ್ಲ. ಊರಿನಲ್ಲಿ ಅವ್ವನಿಗೆ ನಾವದನ್ನು ತಿಳಿಸಲಿಲ್ಲ, ಅವಳೂ ಕೇಳಲಿಲ್ಲ.

ಇನ್ನು ಅಜಂತಾದ ಮಾತು. ಸಿಲ್ಲೋಡಿನಿಂದ ಗೋಳೇಗಾಂವ, ಅಜಂತಾ ಊರು ದಾಟಿ, ಘಾಟು ಇಳಿದರೆ ಗವಿಗಳ ತಿರುವು. ಮುಂಬಯಿಯಿಂದ ಯಾವ ನೆಂಟರು ಬಂದರೂ ಅವರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಎರಡನೆಯ ನೌಕರಿಯಾಗಿತ್ತು. ಸೋಮವಾರ ಗವಿಗಳಿಗೆ ರಜೆ ಎಂಬುದನ್ನು ತಿಳಿಯದೆ ಬಂದವರಿಗೆ ಒಂದು ದಿನದ ಊಟ ಹೆಚ್ಚು. ಹೀಗೆ ೨೦೧೮ರ ಜನವರಿಯ ಒಂದು ಭಾನುವಾರ ನಮ್ಮಾಕೆಯ ಅಣ್ಣನ ಮನೆಯವರೊಡನೆ ಹೋಗಿದ್ದೆವು. ಒಂದನೆಯ ಗವಿಯ ಪದ್ಮಪಾಣಿಯ ಮುಂದೆ ಎಂದಿನಂತೆ ಜಾತ್ರೆ. ಗದ್ದಲ ತಪ್ಪಿಸಿಕೊಳ್ಳಲು ನಾವಿಬ್ಬರೂ ಎರಡನೆಯ ಗವಿಗೆ ಹೊರಳಿದೆವು.

ಐದನೆಯ ಶತಮಾನದ ಆ ವಿಹಾರದಲ್ಲಿ, ಒಳಗೆ ಬುದ್ಧನ ಗರ್ಭಗುಡಿಯ ಎರಡೂ ಮಗ್ಗುಲಿಗೆ ಎರಡು ಚಿಕ್ಕ ಗುಡಿಗಳು. ಬಲಗಡೆಯದರಲ್ಲಿ ಗಂಡಹೆಂಡಿರ ದೊಡ್ಡ ವಿಗ್ರಹಗಳು. ಹೆಂಡತಿಯ ತೊಡೆಯ ಮೇಲೆ ಮಗು. ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ಹುಡುಗರು. ಒಂದು ತುದಿಗೆ ಬೆತ್ತ ಹಿಡಿದ ಮಾಸ್ತರರು. ಹತ್ತಿರದವರು ಪಾಠ ಓದುತ್ತಿದ್ದರೆ ದೂರದವರು ಆಟದಲ್ಲಿ ಮುಳುಗಿದ್ದಾರೆ. ಸಾವಿರದೈನೂರು ವರ್ಷಗಳಲ್ಲಿ ಶಾಲೆ ಬದಲಾಗಿಲ್ಲವೆಂದು ನಾವು ನಕ್ಕೆವು. ಆದರೆ ಆ ಮಬ್ಬುಬೆಳಕಿನಲ್ಲಿ ನಮಗಿಂತ ಮುಂಚೆಯೇ ಒಬ್ಬರು ನಿಂತಿದ್ದರು. ಎಪ್ಪತ್ತರ ಆಸುಪಾಸಿನ ಜಪಾನಿ ಹೆಣ್ಣುಮಗಳು. ಕೈಮುಗಿದು, ಕಣ್ಣು ಮುಚ್ಚಿ. ಅಜಂತಾದಲ್ಲಿ ಚಿತ್ರ ನೋಡುವವರನ್ನು ಸಾಕಷ್ಟು ಕಂಡಿದ್ದೆವು, ಆ ಮೂಲೆಯ ಗುಡಿಗೆ ಕೈಮುಗಿದವರನ್ನು ಕಂಡಿರಲಿಲ್ಲ.

ಸಿಲ್ಲೋಡಿನ ದಾರಿ ಜಪಾನೀಯರಿಗೆ ಹೊಸದಲ್ಲ. ೧೯೧೬ರಲ್ಲಿ ರವೀಂದ್ರನಾಥ ಠಾಕೂರರ ಕರೆಯ ಮೇರೆಗೆ ಭಾರತಕ್ಕೆ ಬಂದ ಅರಾಯಿ ಕಾಂಪೋ ಎಂಬ ಚಿತ್ರಕಾರರು ಅಜಂತಾದಲ್ಲಿ ಬೀಡುಬಿಟ್ಟು ಇಲ್ಲಿಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಕೊಂಡು ಹೋದರು. ಆ ಪ್ರತಿಗಳು ೧೯೨೩ರ ಟೋಕಿಯೊ ಭೂಕಂಪದ ಬೆಂಕಿಗೆ ಆಹುತಿಯಾದವು. ಅದಕ್ಕೂ ಮೊದಲು ರಾಬರ್ಟ್ ಗಿಲ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ವರ್ಷಾನುಗಟ್ಟಲೆ ಕೂತು ಬರೆದ ಪ್ರತಿಗಳಲ್ಲಿ ಹೆಚ್ಚಿನವು ೧೮೬೬ರಲ್ಲಿ ಲಂಡನ್ನಿನಲ್ಲಿ ಸುಟ್ಟುಹೋಗಿದ್ದವು. ಅಜಂತಾದ ಪ್ರತಿಗಳಿಗೆ ಬೆಂಕಿಯ ಜಾತಕವೇ ಇದ್ದಂತಿದೆ.

ಆಕೆ ಕಣ್ಣು ತೆರೆದು ನಮ್ಮನ್ನು ಕಂಡು ನಡುಬಾಗಿಸಿ ನಮಸ್ಕರಿಸಿದರು. ನಿವೃತ್ತ ಶಾಲಾ ಶಿಕ್ಷಕಿ. ಅವರ ಇಂಗ್ಲಿಷೂ ನಮ್ಮ ಇಂಗ್ಲಿಷೂ ಸಮಸಮವಾಗಿದ್ದುದರಿಂದ ಮಾತು ಸುಲಭವಾಯಿತು. ಇವಳು ನಮ್ಮೂರಿನ ದೇವರು, ಎಂದರು ಆಕೆ. ನಾವು ಬೆರಗಾದೆವು. ಕಲ್ಲಿನ ಆ ತಾಯಿ ಹಾರಿತಿ. ಜಪಾನಿನಲ್ಲಿ ಅವಳ ಹೆಸರು ಕಿಶಿಮೊಜಿನ್. ಟೋಕಿಯೊದ ಜೋಶಿಗಯಾ ಎಂಬ ಭಾಗದಲ್ಲಿ ಅವಳ ಗುಡಿಯಿದೆ. ೧೬೬೪ರಲ್ಲಿ ಕಟ್ಟಿದ ಮರದ ಗುಡಿ. ೧೯೨೩ರ ಭೂಕಂಪ, ೧೯೪೫ರ ಬಾಂಬುಗಳು ಎರಡನ್ನೂ ದಾಟಿ ನಿಂತಿದೆ. ಆಕೆಯ ತಾಯಿ ಹೆರಿಗೆಗೆ ಮುಂಚೆ ಅಲ್ಲಿ ಹರಕೆ ಹೊತ್ತಿದ್ದರಂತೆ.

ಕಥೆಯನ್ನು ಆಕೆ ಹೇಳಿದರು, ನಾವು ತುಂಡುತುಂಡಾಗಿ ಕನ್ನಡಕ್ಕೆ ತಿರುಗಿಸಿ ನಮ್ಮಾಕೆಗೆ ದಾಟಿಸಿದೆವು. ಹಾರಿತಿ ರಾಜಗೃಹದ ಯಕ್ಷಿ. ಅವಳಿಗೆ ಐನೂರು ಮಕ್ಕಳು. ತನ್ನ ಮಕ್ಕಳಿದ್ದೂ ಊರವರ ಮಕ್ಕಳನ್ನು ಕದ್ದು ತಿನ್ನುತ್ತಿದ್ದಳು. ಊರವರು ಬುದ್ಧನಲ್ಲಿ ಮೊರೆಯಿಟ್ಟರು. ಬುದ್ಧ ಅವಳ ಕಡೆಯ ಮಗುವನ್ನು ತನ್ನ ಭಿಕ್ಷಾಪಾತ್ರೆಯ ಕೆಳಗೆ ಅಡಗಿಸಿಟ್ಟ. ಅವಳು ಹುಚ್ಚಿಯಂತೆ ಹುಡುಕಿದಳು. ಕೊನೆಗೆ ಅವನ ಬಳಿಗೇ ಬಂದಾಗ, ಐನೂರರಲ್ಲಿ ಒಂದು ಹೋದದ್ದಕ್ಕೆ ನಿನಗೆ ಇಷ್ಟು ಸಂಕಟವಾದರೆ ಒಂದೋ ಎರಡೋ ಇದ್ದವರ ಗತಿಯೇನು ಎಂದು ಕೇಳಿದ. ಅಂದಿನಿಂದ ಅವಳು ಮಕ್ಕಳನ್ನು ಕಾಯುವವಳಾದಳು. ಅವಳ ಪಾಲಿನ ಊಟವನ್ನು ಭಿಕ್ಷುಗಳೇ ಎತ್ತಿಡಬೇಕೆಂದು ಏರ್ಪಾಡಾಯಿತು. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಇತ್ಸಿಂಗ್, ವಿಹಾರಗಳಲ್ಲಿ ಹಾರಿತಿಗೆ ದಿನವೂ ಎಡೆಯಿಡುವುದನ್ನು ಬರೆದಿಟ್ಟಿದ್ದಾನೆ. ಗುಡಿಯ ಹೆಸರನ್ನು ಬರೆಯುವಾಗ ರಾಕ್ಷಸ ಎಂಬರ್ಥದ ಅಕ್ಷರದ ನೆತ್ತಿಯ ಮೇಲಿನ ಗೀಟನ್ನು ಅಲ್ಲಿ ಬಿಟ್ಟುಬಿಡುತ್ತಾರೆಂದು ಆಕೆ ಅಂಗೈಮೇಲೆ ಬೆರಳಿನಿಂದ ಬರೆದು ತೋರಿಸಿದರು. ಆ ಗೀಟು ಕೊಂಬು. ಕೊಂಬು ಉದುರಿದ ಮೇಲೆ ಯಾಕೆ ಬರೆಯಬೇಕು?

ನಮ್ಮಾಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನಮ್ಮನ್ನು ಕೇಳಿದಳು: "ಐನೂರು ಇದ್ರೂ ಆಕಿಗೆ ಒಂದು ಕಡಿಮಿ ಅದ ಅಂತ ತಿಳೀತಂತೇನ್ರಿ?"

ಇದನ್ನು ಇಂಗ್ಲಿಷಿಗೆ ತಿರುಗಿಸಲು ನಮಗೆ ಬರಲಿಲ್ಲ. ತಿರುಗಿಸುವ ಅಗತ್ಯವೂ ಬೀಳಲಿಲ್ಲವೆಂದು ತೋರುತ್ತದೆ. ಆ ಹೆಣ್ಣುಮಗಳು ನಮ್ಮಾಕೆಯ ಮೋರೆಯನ್ನೇ ನೋಡುತ್ತಿದ್ದರು. ಕೈಚೀಲದಿಂದ ಒಂದು ಚಿತ್ರದ ಕಾರ್ಡು ತೆಗೆದು, ಎರಡೂ ಕೈಯಿಂದ ಹಿಡಿದು ಕೊಟ್ಟರು.

ಅದು ಹಳೆಯ ಮರದಚ್ಚಿನ ಚಿತ್ರವೊಂದರ ನಕಲು, ಜೋಶಿಗಯಾದ ಉತ್ಸವದ್ದು. ಓಎಶಿಕಿ ಎನ್ನುವ ಆ ಉತ್ಸವ ನಿಚಿರೆನ್ ಎಂಬ ಬೌದ್ಧ ಆಚಾರ್ಯರ ಪುಣ್ಯತಿಥಿಯ ನೆನಪಿನದು. ಜೋಶಿಗಯಾದಲ್ಲಿ ಅಕ್ಟೋಬರ್ ೧೬ರಿಂದ ೧೮ರವರೆಗೆ ಈಗಲೂ ನಡೆಯುತ್ತದೆ. ಚಿತ್ರದಲ್ಲಿ ಎತ್ತರದ ಮರಗಳ ಸಾಲು, ಅಡಿಯಲ್ಲಿ ಚಹದಂಗಡಿಗಳು, ಮಕ್ಕಳ ಕೈಹಿಡಿದ ತಾಯಂದಿರು. ಕೆಲವರ ಕೈಯಲ್ಲಿ ಕೋಲಿಗೆ ಕಟ್ಟಿದ ಗೂಬೆಯ ಗೊಂಬೆಗಳು. ನಮ್ಮ ಕಡೆ ಗೂಬೆಯೆಂದರೆ ಬಾಗಿಲು ಮುಚ್ಚುತ್ತಾರೆ. ಅಲ್ಲಿ ಜಾತ್ರೆಯಿಂದ ಮಗುವಿಗೆ ತರುತ್ತಾರೆ! ಒಣಹುಲ್ಲಿನ ತೆನೆಯಿಂದ ಕಟ್ಟುವ ಆ ಗೂಬೆಗೂ ಕಥೆಯುಂಟು. ಬಡಹುಡುಗಿಯೊಬ್ಬಳು ಕಾಯಿಲೆಯ ತಾಯಿಗೆ ಔಷಧ ಕೊಳ್ಳಲಾರದೆ ಕಿಶಿಮೊಜಿನ್‌ಗೆ ಮೊರೆಯಿಟ್ಟಳಂತೆ. ಹುಲ್ಲಿನ ಗೂಬೆ ಕಟ್ಟಿ ಮಾರು ಎಂದು ದೇವಿ ದಾರಿ ತೋರಿದಳಂತೆ.

ಮರದಚ್ಚಿನ ಬಗ್ಗೆ ಆಮೇಲೆ ನಾವು ಕುತೂಹಲದಿಂದ ಓದಿಕೊಂಡೆವು. ಜಪಾನಿನಲ್ಲಿ ಅಚ್ಚಿನ ಕೆಲಸ ಮೊದಲಾದದ್ದೇ ದೇವರ ಕಾರ್ಯದಿಂದ. ಕ್ರಿ.ಶ. ೭೬೪ರಿಂದ ೭೭೦ರೊಳಗೆ ಶೋತೊಕು ಎಂಬ ಸಾಮ್ರಾಜ್ಞಿ ಹತ್ತು ಲಕ್ಷ ಪುಟ್ಟ ಮರದ ಸ್ತೂಪಗಳನ್ನು ಮಾಡಿಸಿ ಒಂದೊಂದರೊಳಗೂ ಅಚ್ಚುಹಾಕಿದ ಮಂತ್ರದ ಚೀಟಿ ಇಡಿಸಿದಳು. ಮಂತ್ರಗಳು ಇಲ್ಲಿಂದ ಹೋದ ಸಂಸ್ಕೃತದವು. ಸಾವಿರ ವರ್ಷದ ಮೇಲೆ, ೧೭೬೫ರ ಸುಮಾರಿಗೆ, ಬಹುವರ್ಣದ ಚಿತ್ರಗಳು ಬಂದವು. ಬರೆಯುವವನೊಬ್ಬ, ಚೆರಿ ಮರದ ಹಲಗೆಯಲ್ಲಿ ಕೆತ್ತುವವನೊಬ್ಬ, ಅಚ್ಚು ಒತ್ತುವವನೊಬ್ಬ, ಬಂಡವಾಳ ಹಾಕಿ ಮಾರುವವನೊಬ್ಬ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಕಾಗದ ಕೂದಲೆಳೆಯಷ್ಟು ಸರಿಯದಂತೆ ಹಲಗೆಯ ಅಂಚಿನಲ್ಲಿ ಗುರುತಿನ ಗಾಡಿ. ಯಂತ್ರವಿಲ್ಲ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಕೈಯಲ್ಲೇ ಉಜ್ಜುವುದು. ೧೮೩೦ರ ಸುಮಾರಿಗೆ ಆ ಚಿತ್ರಗಳ ಆಕಾಶಕ್ಕೂ ನೀರಿಗೂ ಬಂದು ಇಳಿದ ಗಾಢನೀಲಿ, ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ಕಬ್ಬಿಣದ ಲವಣಕ್ಕೆ ಫೆರೋಸಯನೈಡ್ ಹನಿಸಿದಾಗ ನಮ್ಮ ಕೊಳವೆಯಲ್ಲಿ ಇಳಿಯುತ್ತಿದ್ದದ್ದೂ ಅದೇ. ಅಂದು ಅಂಕಗಳಿಗಾಗಿ ನೋಡಿದ್ದನ್ನು ಚಿತ್ರಕ್ಕಾಗಿ ನೋಡುವ ಹೊತ್ತಿಗೆ ತಲೆ ನರೆಯತೊಡಗಿತ್ತು. ಇಷ್ಟಾಗಿಯೂ ಆ ಚಿತ್ರಗಳು ಅಗ್ಗ. ಒಂದೆರಡು ಬಟ್ಟಲು ಶಾವಿಗೆಯ ಬೆಲೆಗೆ ಕೂಲಿಯವನೂ ಕೊಂಡು ಮನೆಗೆ ಒಯ್ಯಬಹುದಿತ್ತು. ಸುಟ್ಟರೆ, ಹರಿದರೆ, ಹುಳು ತಿಂದರೆ ಇನ್ನೊಂದು.

ನಮ್ಮ ಜೀವತಿಯೂ ಹಾಗೆಯೇ ಅಲ್ಲವೆ? ಓದುತ್ತ ಓದುತ್ತ ಇನ್ನೊಂದು ಸಂಗತಿ ಹೊಳೆಯಿತು. ಮಹಾಭಾರತದ ಸಭಾಪರ್ವದಲ್ಲಿ ಮಗಧದ ಬೃಹದ್ರಥನ ಇಬ್ಬರು ರಾಣಿಯರು ಅರ್ಧರ್ಧ ಮಗುವನ್ನು ಹೆರುತ್ತಾರೆ. ದಾಸಿಯರು ಚೌಕದಲ್ಲಿ ಎಸೆದ ಆ ಹೋಳುಗಳನ್ನು ಮಾಂಸ ತಿನ್ನುವ ರಾಕ್ಷಸಿ ಜರೆ ಹೊತ್ತೊಯ್ಯಲೆಂದು ಜೋಡಿಸಿದಾಗ ಮಗು ಕೂಡಿಕೊಂಡು ಅಳುತ್ತದೆ. ಅವಳು ತಿನ್ನುವುದಿಲ್ಲ, ತಂದೆಗೆ ಒಪ್ಪಿಸುತ್ತಾಳೆ. ಅವನೇ ಜರಾಸಂಧ. ಮಕ್ಕಳೊಡನಿರುವ ತನ್ನ ಚಿತ್ರವನ್ನು ಮನೆಯ ಗೋಡೆಯ ಮೇಲೆ ಬರೆದವರಿಗೆ ಏಳಿಗೆ ಎನ್ನುತ್ತಾಳೆ. ರಾಜ ಅವಳ ಹೆಸರಿನಲ್ಲಿ ರಾಜ್ಯಕ್ಕೆಲ್ಲ ಉತ್ಸವ ಸಾರಿಸುತ್ತಾನೆ. ಬೃಹದ್ರಥನ ಗಿರಿವ್ರಜವೇ ಮುಂದಿನ ರಾಜಗೃಹ. ಜರೆಯ ಊರೂ ಹಾರಿತಿಯ ಊರೂ ಒಂದೇ! ಗೋಡೆಯ ಮೇಲಿನ ಜರೆ ಕಾಗದಕ್ಕಿಳಿದು ವಿಜಾಪುರದ ನಮ್ಮ ಅಡಿಗೆಮನೆಗೆ ಬಂದಳು. ಹಾರಿತಿ ಸಿಲ್ಲೋಡಿನ ಪಕ್ಕದ ಬೆಟ್ಟದಲ್ಲಿ ಕಲ್ಲಾಗಿ ಕೂತಳು. ಕಡಲು ದಾಟಿ ಮರದ ಹಲಗೆ ಏರಿದಳು. ಇಬ್ಬರೂ ಒಬ್ಬಳೇ ಎಂದು ವಾದಿಸುವಷ್ಟು ಪಾಂಡಿತ್ಯ ನಮಗಿಲ್ಲ. ಅಕ್ಕತಂಗಿಯರೆಂದರೆ ಯಾರೂ ತಕರಾರು ಮಾಡಲಾರರು.

ಇದನ್ನೆಲ್ಲ ಊಟಕ್ಕೆ ಕೂತಾಗ ನಮ್ಮಾಕೆಗೆ ಉತ್ಸಾಹದಿಂದ ಹೇಳಿದೆವು. ಕೇಳಿ, "ಕಾಗದ ಹರದ್ರ ಇನ್ನೊಂದು ಸಿಗ್ತದ," ಎಂದಷ್ಟೇ ಅಂದಳು. ನಾವು ಪಲ್ಯದ ಕಡೆ ನೋಡಿದೆವು.

ಆ ವರ್ಷದ ನಾಗರ ಅಮಾವಾಸ್ಯೆಗೆ ಎರಡು ದಿನ ಮುಂಚೆ ಸಿಲ್ಲೋಡಿನ ಪೇಟೆಯಲ್ಲಿ ಪೂಜೆ ಸಾಮಾನಿನ ಅಂಗಡಿಯ ಹಗ್ಗದ ಮೇಲೆ ಜೀವತಿ ಪಟಗಳು ಬಟ್ಟೆ ಒಣಗಿದ ಹಾಗೆ ನೇತಾಡುತ್ತಿದ್ದವು. ಬಣ್ಣದವೂ ಇದ್ದವು. ನಮ್ಮಾಕೆ ತಾನಾಗಿಯೇ ನಿಂತು, ಬಣ್ಣದವುಗಳನ್ನು ಸರಿಸಿ, ತೆಳುಕಾಗದದ ಮೇಲೆ ಬರಿಯ ಕಪ್ಪು ಗೆರೆಯ ಒಂದನ್ನು ಆರಿಸಿದಳು. ಅವ್ವನ ಮನೆಯಲ್ಲಿ ಇರುತ್ತಿದ್ದದ್ದು ಅಂಥದು. ಹತ್ತು ರೂಪಾಯಿ. ನಾವು ಬಾಯಿ ಬಿಡದೆ ಹಣ ಕೊಟ್ಟೆವು. ನಾಲ್ಕು ವರ್ಷದಲ್ಲಿ ಅಷ್ಟು ಬುದ್ಧಿ ಬಂದಿತ್ತು.

ಮೊದಲ ಶುಕ್ರವಾರ ಬೆಳಿಗ್ಗೆ ಆಕೆ ವಿಜಾಪುರಕ್ಕೆ ಫೋನು ಹಚ್ಚಿದಳು. ಹೂರಣಕ್ಕೆ ಬೆಲ್ಲ ಎಷ್ಟು ಎಂದು ಮಾತು ಶುರುವಾಯಿತು. ಹದಿಮೂರು ವರ್ಷದಿಂದ ಹೂರಣ ಕಟ್ಟುವವಳು ಅಳತೆ ಕೇಳುವುದೆಂದರೆ ಬೇರೆ ಏನೋ ಕೇಳಲಿಕ್ಕಿದೆ ಎಂದು ಅವ್ವನಿಗೂ ತಿಳಿದಿರಬೇಕು. ಕೊನೆಗೆ ನಮ್ಮನ್ನು ಕೇಳಿದ ಪ್ರಶ್ನೆಯನ್ನೇ ಕೇಳಿದಳು. ಫೋನಿನ ಸ್ಪೀಕರು ಹಾಕಿತ್ತು, ನಾವು ಬಾಗಿಲಲ್ಲಿ ನಿಂತಿದ್ದೆವು. ಆ ಕಡೆಯಿಂದ ತುಸು ಹೊತ್ತು ದನಿ ಬರಲಿಲ್ಲ.

"ನಾಕು ದಿಕ್ಕಿಗೆ ನಾಕು ಸರತಿ ಒಗಿ, ತಂಗಿ. ಐದನೇದ್ದು ಮ್ಯಾಲೆ ಒಗಿ. ನಾ ನಾಲ್ವತ್ತು ವರ್ಷದ ಮ್ಯಾಲಾತು, ಹಂಗ ಮಾಡಕೋತ ಬಂದೇನಿ."

ಅವ್ವ ಐದನೆಯ ಸಲ ಜಂತೆಯ ಕಡೆ ಅಕ್ಷತೆ ಒಗೆಯುವುದನ್ನು ನಾವು ಬುದ್ಧಿ ತಿಳಿದಾಗಿನಿಂದ ನೋಡಿದ್ದೆವು. ಅದೂ ಪದ್ಧತಿಯೆಂದೇ ತಿಳಿದಿದ್ದೆವು. ಮೇಲೆ ಯಾರಿದ್ದಾರೆ ಎಂದು ತಮ್ಮ ಒಮ್ಮೆ ಕೇಳಿ, ಹಲ್ಲಿ ಅದ ಸುಮ್ಮನಿರು ಎಂದು ಬೈಸಿಕೊಂಡದ್ದು ನೆನಪಿದೆ. ನಮಗಿಂತ ಮುಂಚೆ ಒಂದು ಹೆಣ್ಣುಕೂಸು ಹುಟ್ಟಿ ಹೋಗಿತ್ತೆಂಬುದು ನಮಗೆ ನಾಲ್ಕು ದಶಕ ದಾಟಿದ ಮೇಲೆ, ಸಿಲ್ಲೋಡಿನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಾಗ ತಿಳಿಯಿತು. ಅಕ್ಕ ಎನ್ನಬೇಕಾದವಳು. ಅವಳಿಗೆ ಹೆಸರಿಟ್ಟಿದ್ದರೋ ಏನೋ, ನಮಗೆ ಕೇಳುವ ಧೈರ್ಯವಾಗಲಿಲ್ಲ. ನಮ್ಮಾಕೆ ಕೇಳಿದಳು. ಅವ್ವ ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಆರತಿಯಾಯಿತು. ಪಟದ ಪಕ್ಕದಲ್ಲಿ ಆ ಜಪಾನಿ ಕಾರ್ಡನ್ನೂ ಆಕೆಯೇ ಒರಗಿಸಿದ್ದಳು. ಮಗನ ತಲೆಯ ಮೇಲೆ ಅಕ್ಷತೆ ಹಾಕಿ, ನಾಲ್ಕು ದಿಕ್ಕಿಗೆ ಒಗೆದು, ಐದನೆಯ ಹಿಡಿಯನ್ನು ಸೆರಗಿನೊಳಗೆ ಹಿಡಿದುಕೊಂಡು ಮೇಲೆ ನೋಡುತ್ತ ನಿಂತಳು. ಫ್ಯಾನು ತಿರುಗುತ್ತಿತ್ತು. "ಅದನ್ನ ಬಂದ್ ಮಾಡ್ರಿ," ಎಂದಳು. ನಾವು ಬಂದ್ ಮಾಡಿ, ರೆಕ್ಕೆಗಳು ಪೂರ್ತಿ ನಿಲ್ಲುವವರೆಗೆ ಎಲ್ಲರೂ ಕಾದೆವು.